ಶೈಲಮ್ಮನ ರಿಜಿಸ್ಟರು

ಶೈಲಮ್ಮ ಎತ್ತಿದ ನೋಟರಿ ಮೊಹರು ಕಾಗದ ಮುಟ್ಟದೆ ನಿಂತಿತು. ಅಮೆರಿಕದ ಫೋರ್ಟ್ ಲೀ ಊರಿನ ಈ ಮನೆಯಲ್ಲಿ ದಂಪತಿ ಸಹಿಗೆ ಕಾಯುತ್ತಿದ್ದಾರೆ ಎಂದು, ಮನೆಮನೆಗೆ ನೋಟರಿಗಳನ್ನು ಒದಗಿಸುವ ಕಂಪನಿ ಅವರನ್ನು ಕಳಿಸಿತ್ತು. ಇದ್ದವಳು ರಕ್ಷಾ ಒಬ್ಬಳೇ. ಗಂಡನ ಬದಲು ಅವನ ಸಹಿ ಆಗಲೇ ಕಾಗದದ ಮೇಲೆ ಬಂದು ಕೂತಿತ್ತು. ಕಣ್ಣೆದುರು ಹಾಕದ ಸಹಿಗೆ ನೋಟರಿ ಮೊಹರು ಒತ್ತುವಂತಿಲ್ಲ.

"ಅವರು ಡಲ್ಲಾಸ್‌ನಲ್ಲಿದಾರೆ ಆಂಟಿ. ಕಂಪನಿಯವರೇ ಪರವಾಗಿಲ್ಲ ಅಂದ್ರು," ಎಂದಳು ರಕ್ಷಾ.

ಫೋನಿನ ಸ್ಪೀಕರಿನಲ್ಲಿ ಕಂಪನಿಯ ಅಭಿನವ್ ಜೇನು ಸುರಿಸಿದ: "ಜಸ್ಟ್ ಸ್ಟ್ಯಾಂಪ್ ಒತ್ತಿಬಿಡಿ ಆಂಟಿ. ಇಲ್ಲಾಂದ್ರೆ ನಿಮಗೆ ಬರಬೇಕಾದ ಹಳೇ ಮೂರು ಫೀಸೂ ಹೋಲ್ಡ್ ಆಗುತ್ತೆ."

ಶೈಲಮ್ಮ, ನಡೆದದ್ದೆಲ್ಲ ದಾಖಲಾಗುವ, ಕೋರ್ಟಿನಲ್ಲೂ ಸಾಕ್ಷಿಯಾಗುವ ತಮ್ಮ ನೋಟರಿ ರಿಜಿಸ್ಟರು ತೆರೆದು ಅವನದೇ ಜೇನುದನಿ ತೆಗೆದರು: "ಜಸ್ಟ್... ಸ್ಟ್ಯಾಂಪ್... ಒತ್ತಿಬಿಡಿ. ಬರ್ಕೊಂಡೆ ರಾಜಾ. ನಿನ್ನ ಪೂರ್ತಿ ಹೆಸರು?"

ಫೋನ್ ಕಟ್ಟಾಯಿತು. ಮರುನಿಮಿಷವೇ ಮತ್ತೆ ಬಂತು.

"ಮೂರೂ ಫೀಸು ಈಗ್ಲೇ ಹಾಕ್ತೀನಿ ಆಂಟಿ, ಆ ಸಾಲು ಅಳಿಸಿಬಿಡಿ!"

"ಫೀಸು ಹಾಕು," ಎಂದು ಶೈಲಮ್ಮ ಮೊಹರನ್ನು ಚೀಲಕ್ಕಿಳಿಸಿದರು. "ರಿಜಿಸ್ಟರು ಮಾತ್ರ ಪೆನ್ನಲ್ಲೇ ಬರೆಯೋದು ಕಣಪ್ಪ."