ಬೆನ್ನ ಹೊಲಿಗೆ

ಓಸ್ತಾಪ್ ಕನ್ನಡಿ ಮುಂದೆ ನಿಂತು ಒಂದೇ ಒಂದು ಸ್ವರ ಎತ್ತಿದ್ದ, ಅಷ್ಟಕ್ಕೇ ಕೋಟಿನ ಬೆನ್ನು ಪರ್ರೆಂದು ಬಿಟ್ಟುಕೊಂಡಿತು. ಟ್ರಯಲ್‌ಗೆಂದು ಬಿಳಿ ದಾರದಲ್ಲಿ ಹಾಕಿದ ಕಚ್ಚಾ ಹೊಲಿಗೆ, ನಿಜ. ಆದರೂ ಬರ್ ದುಬೈಯ ಆ ಗಲ್ಲಿಯಲ್ಲಿ ಮೂವತ್ತೆರಡು ವರ್ಷದಿಂದ ಕೋಟು ಹೊಲಿಯುತ್ತಿದ್ದ ಭಟ್ಕಳದ ಝಿಯಾಉದ್ದೀನರಿಗೆ ಕೆನ್ನೆಗೆ ಬಾರಿಸಿಕೊಂಡ ಹಾಗಾಯಿತು. ತಮ್ಮ ಅಂಗಡಿಯಿಂದ ಹೋದ ಕೋಟು ಒಂದೂ ರಿಪೇರಿಗೆಂದು ವಾಪಸು ಬಂದಿಲ್ಲ ಎನ್ನುವುದು ಅವರ ಹೆಮ್ಮೆ. ಸ್ವಲ್ಪ ಜಂಬ ಎಂದರೂ ನಡೆದೀತು.

ಗಿರಾಕಿಯನ್ನು ಕರೆತಂದಿದ್ದ ಜುವಾಕಿಂ ತಲೆಮೇಲೆ ಕೈ ಹೊತ್ತ. ಅಬುಧಾಬಿಯ ದೊಡ್ಡ ಹೋಟೆಲೊಂದರಲ್ಲಿ ಅತಿಥಿಗಳ ಬೇಕು ಬೇಡ ನೋಡಿಕೊಳ್ಳುವ ಕೆಲಸ ಅವನದು. ಉಕ್ರೇನಿನ ಈ ಒಪೆರಾ ಗಾಯಕ ವಿಯೆನ್ನಾದಿಂದ ಸರಿಯಾಗಿಯೇ ಬಂದಿಳಿದಿದ್ದ. ಅವನ ಪೆಟ್ಟಿಗೆ ಮಾತ್ರ ಒಳಗಿದ್ದ ಕೋಟಿನ ಸಮೇತ ಇನ್ಯಾವುದೋ ದೇಶಕ್ಕೆ ಹಾರಿಹೋಗಿತ್ತು.

"ಸಾಯ್ಬ್ರೆ, ನಾಳೆ ಸಂಜೆ ಕಾರ್ಯಕ್ರಮ. ಇಟಲಿಯ ದೊಡ್ಡ ಥಿಯೇಟರಿನವರು ಇವರನ್ನು ಕೇಳ್ಲಿಕ್ಕೇ ಬರ್ತಾ ಇದ್ದಾರೆ, ಒಪ್ಪಿದ್ರೆ ಮುಂದಿನ ವರ್ಷ ಅಲ್ಲಿ ಮುಖ್ಯ ಪಾತ್ರವಂತೆ. ಕೋಟು ಹಿಡಿದ್ರೆ ಉಸಿರು ಸಿಗೂದಿಲ್ಲ. ಉಸಿರು ಸಿಗದಿದ್ರೆ ಖಲಾಸ್. ಮಾಲ್‌ನಿಂದ ರೆಡಿಮೇಡ್ ತರೂದಾ?"

"ಈ ಬೆನ್ನಿಗೆ ರೆಡಿಮೇಡ್ ಹೊಲಿದವ ಇನ್ನೂ ಹುಟ್ಲಿಲ್ಲ. ಸುಮ್ನಿರು ಮಾರಾಯ."

ಹಾಗೆಂದರೂ ಎಡವಿದ್ದೆಲ್ಲಿ ಎಂಬುದು ಅವರಿಗೆ ಆಗಲೇ ಹೊಳೆದಿತ್ತು. ಟೇಪು ಕಂಡರೆ ಸಾಕು, ಗಂಡಸರೆಲ್ಲ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ. ಬ್ಯಾಂಕಿನ ಮ್ಯಾನೇಜರಿರಲಿ, ನಾಳೆ ಮದುವೆಯಾಗುವ ಹುಡುಗನಿರಲಿ, ಆ ವಿಷಯದಲ್ಲಿ ಎಲ್ಲರೂ ಒಂದೇ. ಅದಕ್ಕೇ ಅವರಿಗೆ ಹೇಳದೆ ಒಂದೂವರೆ ಇಂಚು ಸೇರಿಸಿ ಬರೆದುಕೊಳ್ಳುವುದು ಝಿಯಾಉದ್ದೀನರ ಗುಟ್ಟು. ನಿನ್ನೆ ಈ ಆಸಾಮಿಗೂ ಹಾಗೇ ಬರೆದಿದ್ದರು. ಇವನೋ ಉಲ್ಟಾ. ಉಸಿರೆಳೆದರೆ ಹೊಟ್ಟೆ ಮುಂದಕ್ಕೆ ಬರುತ್ತಿತ್ತು, ಪಕ್ಕೆ ಅಗಲವಾಗುತ್ತಿತ್ತು, ಬೆನ್ನು ಕದ ತೆರೆದ ಹಾಗೆ ತೆರೆಯುತ್ತಿತ್ತು. ಒಂದೂವರೆ ಇಂಚು ಎಲ್ಲಿ ಸಾಕು?

ಅವರು ಕೋಟು ಬಿಚ್ಚಿಸಿ, ಹಿಂದಿನಿಂದ ಟೇಪು ಸುತ್ತಿ ಹಿಡಿದರು. "ಹಾಡ್ಲಿಕ್ಕೆ ಹೇಳು."

"ಇಲ್ಲಿಯಾ?"

"ಅಳತೆ ಇಲ್ಲಿ ಅಲ್ವಾ ತೆಗೆಯೂದು? ನಾಳೆ ಅಲ್ಲಿ ಹೇಗೆ ಹಾಡ್ತಾರೋ ಹಾಗೇ ಹಾಡ್ಬೇಕು. ಅರ್ಧ ದನಿ ಮಾಫಿ, ನಡೆಯೂದಿಲ್ಲ."

ಜುವಾಕಿಂ ಇಂಗ್ಲಿಷಿನಲ್ಲಿ ತಿಳಿಸಿದ. ಓಸ್ತಾಪ್ ಗಹಗಹಿಸಿ ನಕ್ಕು ಏನೋ ಹೇಳಿದ. "ಕೀವ್, ಬರ್ಲಿನ್, ಬ್ಯೂನಸ್ ಐರಿಸ್, ಹದಿನೇಳು ದೇಶದಲ್ಲಿ ಹಾಡಿದ್ದಾರಂತೆ ಸಾಯ್ಬ್ರೆ. ಅಳತೆ ತೆಗೆಯುವಾಗ ಹಾಡಿ ಅಂತ ಯಾವ ದರ್ಜಿಯೂ ಹೇಳ್ಲಿಲ್ಲವಂತೆ."

ಆಮೇಲೆ ಅವನು ಹಾಡಿದ. ತೀರಾ ಮೇಲೂ ಅಲ್ಲದ, ತೀರಾ ತಳಕ್ಕೂ ಇಳಿಯದ ತುಂಬುದನಿ. ಅದು ಝಿಯಾಉದ್ದೀನರ ಕಿವಿಗಿಂತ ಮೊದಲು ಬೆರಳಿಗೆ ಬಂತು. ಟೇಪು ಬೆರಳ ಸಂದಿಯಲ್ಲಿ ತಾನಾಗಿ ಜಾರಿತು: ನಲವತ್ತಾರು, ನಲವತ್ತೇಳು, ನಲವತ್ತೊಂಬತ್ತು. ಎದುರಿನ ಬಟ್ಟೆ ಅಂಗಡಿಯವರು ಬಿಚ್ಚಿದ ಥಾನು ಹಾಗೇ ಹಿಡಿದುಕೊಂಡು ಬಾಗಿಲಿಗೆ ಬಂದರು. ಹಾಡು ನಿಂತ ಮೇಲೂ ಸ್ವಲ್ಪ ಹೊತ್ತು ಝಿಯಾಉದ್ದೀನರಿಗೆ ಟೇಪು ಬಿಡಲು ಮನಸ್ಸಾಗಲಿಲ್ಲ. ಎಷ್ಟೋ ವರ್ಷದಿಂದ ಹೀಗೆ ಖುಷಿಯಾಗಿದ್ದಿಲ್ಲ. ಅಳತೆ ಪುಸ್ತಕದಲ್ಲಿ ಮಾರ್ಚ್ 2013 ಎಂದು ಬರೆದು, ಕೆಳಗೆ ಒಬ್ಬನೇ ಮನುಷ್ಯನಿಗೆ ಎರಡು ಎದೆ ಬರೆದರು: ಮಾತಿಗೆ ನಲವತ್ತಾರು, ಹಾಡಿಗೆ ನಲವತ್ತೊಂಬತ್ತು.

ಬೆನ್ನಿನ ಒಳಗಡೆ ಯಾರ ಕಣ್ಣಿಗೂ ಬೀಳದ ಹಾಗೆ ಒಂದು ನೆರಿಗೆ ಇಟ್ಟು, ಮರುದಿನ ಮಧ್ಯಾಹ್ನ ಕೋಟು ಮುಗಿಸಿದರು. ಸಂಜೆ ನೀವೂ ಬರಲೇಬೇಕು ಎಂದು ಓಸ್ತಾಪ್ ಹೇಳಿಕಳಿಸಿದ.

"ನಾನು ಹಾಡು ಕೇಳ್ಲಿಕ್ಕಲ್ಲ, ಕೋಟು ನೋಡ್ಲಿಕ್ಕೆ ಬರೂದು," ಎಂದರು ಝಿಯಾಉದ್ದೀನ್. "ನನಗೆ ಅವರ ಮುಖ ಬೇಡ. ಬೆನ್ನು ಕಾಣುವ ಜಾಗ ಕೊಡು."

ಊರಿಗೆಲ್ಲ ಕೋಟು ಹೊಲಿದವರ ಹತ್ತಿರ ಸ್ವಂತದ್ದೆಂದು ಇದ್ದದ್ದು ಒಂದೇ, ನಿಕಾಹ್‌ಗೆಂದು ಅವರಿಗೆ ಹೊಲಿಗೆ ಕಲಿಸಿದ ಉಸ್ತಾದರು ಭಟ್ಕಳದಲ್ಲಿ ಹೊಲಿದುಕೊಟ್ಟದ್ದು. ಹೊಟ್ಟೆ ಒಳಗೆಳೆದುಕೊಂಡು ಅದರ ಗುಂಡಿ ಹಾಕಿದರು. ಎದೆಯ ಜೇಬಿನಲ್ಲಿ ಸೂಜಿ, ಕರಿ ದಾರ.

ಜುವಾಕಿಂ ಅವರನ್ನು ವೇದಿಕೆಯ ಬದಿಯ ಪರದೆಯ ಮರೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂರಿಸಿದ. ಸಭಾಂಗಣ ತುಂಬಿತ್ತು. ಇಟಲಿಯವರು ಎರಡನೇ ಸಾಲಿನಲ್ಲಿದ್ದರು. ಝಿಯಾಉದ್ದೀನರ ಕಣ್ಣು ಮಾತ್ರ ಕೋಟಿನ ಬೆನ್ನ ಹೊಲಿಗೆಯಿಂದ ಆಚೀಚೆ ಹೋಗಲಿಲ್ಲ. ಓಸ್ತಾಪ್ ಉಸಿರೆಳೆದಾಗಲೆಲ್ಲ ನೆರಿಗೆ ತೆರೆಯುತ್ತಿತ್ತು, ಹಾಡಿ ಮುಗಿಸಿದಾಗ ಮುಚ್ಚುತ್ತಿತ್ತು. ಅವನ ಜೊತೆ ತಾವೂ ಉಸಿರೆಳೆಯುತ್ತಿದ್ದೇವೆ ಎಂಬುದು ಅವರ ಗಮನಕ್ಕೆ ಬರಲೇ ಇಲ್ಲ. ಹೊಲಿಗೆ ನೋಡುವುದನ್ನು ಬಿಟ್ಟು ಹಾಡು ಕೇಳತೊಡಗಿದ್ದು ಯಾವಾಗ ಎಂಬುದೂ ಗೊತ್ತಾಗಲಿಲ್ಲ.

ಕೊನೆಯ ಸ್ವರ ಉದ್ದಕ್ಕೆ ಹೋಯಿತು. ಅದು ನಿಂತು, ಚಪ್ಪಾಳೆ ಇನ್ನೂ ಏಳದಿದ್ದ ಆ ಒಂದು ಕ್ಷಣದಲ್ಲಿ, ಪರ್ರೆಂದು ಸದ್ದಾಯಿತು.

ಝಿಯಾಉದ್ದೀನರ ಕೈ ಎದೆಯ ಜೇಬಿಗೆ ಹೋಯಿತು. ಸೂಜಿ ಹಿಡಿದುಕೊಂಡೇ ಎದ್ದು ನೋಡಿದರು. ಓಸ್ತಾಪ್‌ನ ಬೆನ್ನು ನೆಟ್ಟಗಿತ್ತು, ಒಂದು ಎಳೆಯೂ ಅಲುಗಿರಲಿಲ್ಲ. ಎರಡನೇ ಸಾಲಿನವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಹಿಂದೆ ನಿಂತಿದ್ದ ಜುವಾಕಿಂ ನಗು ತಡೆಯಲಾರದೆ ಪಿಸುಗುಟ್ಟಿದ. "ಸಾಯ್ಬ್ರೆ, ಹೋದದ್ದು ನಿಮ್ಮದು. ಕಾಲರ್‌ನಿಂದ ಸೊಂಟದ ತನಕ."

ಝಿಯಾಉದ್ದೀನ್ ಕೈ ಹಿಂದೆ ಹಾಕಿ ಸವರಿ ನೋಡಿಕೊಂಡರು. ತಣ್ಣನೆಯ ಎಸಿ ಗಾಳಿ ಬೆನ್ನಿಗೆ ತಾಗುತ್ತಿತ್ತು.

"ಹೋಗ್ಲಿ ಬಿಡು," ಎಂದರು, ಸೂಜಿಯನ್ನು ಜೇಬಿಗಿಳಿಸುತ್ತ. "ಅಳತೆ ತೆಗೆಯುವಾಗ ಹಾಡು ಅಂತ ನನಗೂ ಯಾರೂ ಹೇಳಿರ್ಲಿಲ್ಲ."