ಶಾಲಿನೊಳಗಿನ ಕೈ

ಸೊಸೆ ಫೋನನ್ನು ಮೇಜಿನ ಮೇಲೆ ಒರಗಿಸಿ ನಿಲ್ಲಿಸಿ ನೇರಪ್ರಸಾರದ ಗುಂಡಿ ಒತ್ತುವಷ್ಟರಲ್ಲಿ, ಫಿಸಿಯೋಥೆರಪಿ ಡಾಕ್ಟರಮ್ಮ ತನ್ನ ಬಲಗೈಯನ್ನು ಶಾಲಿನೊಳಗೆ ಎಳೆದುಕೊಂಡಳು. ಮಣಿಕಟ್ಟು ಮುರಿದು ಕ್ಲಿನಿಕ್ಕಿಗೆ ಬೀಗ ಬಿದ್ದು ಎರಡು ತಿಂಗಳು. ಮುಖವನ್ನಾದರೂ ತೋರಿಸದಿದ್ದರೆ ಜನ ಪಕ್ಕದ ಬೀದಿಯ ಹೊಸ ಕ್ಲಿನಿಕ್ಕಿಗೇ ಒಗ್ಗಿಹೋಗುತ್ತಾರೆ. ಕೈ ತೋರಿಸಿದರೆ ಇದ್ದ ನಂಬಿಕೆಯೂ ಹೋಗುತ್ತದೆ.

ಮಂಡಿನೋವಿನ ಮಾತು ಅರ್ಧಕ್ಕೆ ಬಂದಿತ್ತು. ಹಿಂದೆ ಅವಳಲ್ಲಿ ಚಿಕಿತ್ಸೆ ಪಡೆದ ಟೈಲರ್ ಬರೆದು ಕಳಿಸಿದ್ದನ್ನು ಸೊಸೆ ಗಟ್ಟಿಯಾಗಿ ಓದಿಬಿಟ್ಟಳು: "ಬಿದ್ರಂತೆ ಡಾಕ್ಟ್ರಮ್ಮ. ಬೆರಳು ಮಡಚೋದು ದಿನಾ ಮಾಡ್ತಿದೀರಾ, ಇಲ್ಲ ನನ್ ಥರ ಕಳ್ಳಾಟನಾ?"

ಓದಿ ಮುಗಿಸಿ ನಾಲಿಗೆ ಕಚ್ಚಿಕೊಂಡಳು. ನೋವಿಗೆ ಹೆದರಿ ಡಾಕ್ಟರಮ್ಮ ಬೆರಳು ಮಡಚದೆ ನಾಲ್ಕು ದಿನವಾಗಿತ್ತು. ನಿಧಾನಕ್ಕೆ ಶಾಲು ಸರಿಸಿ, ಊದಿದ ಕೈಯನ್ನು ಫೋನಿನ ಮುಂದೆ ಹಿಡಿದಳು. ಮುಷ್ಟಿ ಅರ್ಧಕ್ಕೇ ನಿಂತಿತು.

"ಕಳ್ಳಾಟನೇ ಅಣ್ಣ," ಎಂದಳು. "ಬನ್ನಿ, ನೀವೂ ಜೊತೆಗೆ ಮಾಡಿ. ಒಂದು."