ತೊಳೆದಿಟ್ಟ ತೊಟ್ಟಿ

ತೊಟ್ಟಿಯ ಮುಚ್ಚಳ ಎತ್ತಿದ ಯಶಸ್ವಿನಿ ಕಿಟಾರನೆ ಕಿರುಚಿದಳು. ಒಳಗೆ ಹಾವೇನೂ ಇರಲಿಲ್ಲ. ಹಬ್ಬಕ್ಕೆ ಬೆಳಗಿಟ್ಟ ಪಾತ್ರೆಯ ಹಾಗೆ ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಅದನ್ನು ಕಂಡೇ ಅವಳು ಕಿರುಚಿದ್ದು.

ಕೂಗು ಕೇಳಿ ಹೊನ್ನಯ್ಯ ಓಡಿ ಬಂದ. ಚನ್ನರಾಯಪಟ್ಟಣದ ಹೊರಗೆ, ಪೆಟ್ರೋಲ್ ಡೀಸೆಲ್ ಟ್ಯಾಂಕರುಗಳನ್ನು ತೊಳೆಯುವ ಆ ಯಾರ್ಡಿನಲ್ಲಿ ಕಾವಲು, ಕಸ ಗುಡಿಸುವುದು, ಪೂಜೆ ಎಲ್ಲವೂ ಅವನದೇ. ತೊಟ್ಟಿಗೆ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದ್ದವನೂ ಅವನೇ.

“ಎಂಗೈತೆ ಮೇಡಂ?” ಎಂದ ಮುಖವರಳಿಸಿ.

“ಒಳಗೆ ಪುಟ್ಟ ಪುಟ್ಟ ಪ್ಲಾಸ್ಟಿಕ್ ಗಾಲಿಗಳ ಮೇಲೆ ಕಂದು ಲೋಳೆ ಇತ್ತಲ್ಲ ಹೊನ್ನಯ್ಯ, ಎಲ್ಲಿ?”

“ಅಯ್ಯೋ, ಗಲೀಜು! ಆಯುಧಪೂಜೆಗೆ ಎಲ್ಲಾ ಮಿಸನ್ನೂ ತೊಳ್ದು ಇದೊಂದ್ನ ಅಂಗೇ ಬುಡಾಕಾಯ್ತದಾ? ನೀರು ಖಾಲಿ ಮಾಡಿ, ಬ್ಲೀಚಿಂಗ್ ಪೌಡ್ರು ಸುರ್ದು, ತೆಂಗಿನ ನಾರ್ನಾಗೆ ಒಂದೊಂದ್ನೇ ಉಜ್ಜಿವ್ನಿ. ಸೊಂಟ ಬಿದ್ದೋಯ್ತು.”

“ಏನೂ ಮುಟ್ಟಬೇಡಿ ಅಂತ ಹೇಳಿ ಊರಿಗೆ ಹೋಗಿದ್ನಲ್ಲ?”

“ಸ್ವಿಚ್ಚು ತಾನೇ? ದೇವ್ರಾಣೆ ಮುಟ್ಟಿಲ್ಲ ಕಣವ್ವ.”

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಟ್ಯಾಂಕರ್ ತೊಳೆದ ನೀರಿನ ಮೇಲೆ ತೇಲುವ ಎಣ್ಣೆಯನ್ನು ಯಂತ್ರ ತೆಗೆದುಬಿಡುತ್ತದೆ. ನೀರಲ್ಲೇ ಕರಗಿ, ಕಣ್ಣಿಗೆ ಕಾಣದೆ ಉಳಿಯುವ ವಿಷವನ್ನು ತಿಂದು ಮುಗಿಸುತ್ತಿದ್ದದ್ದು ಆ ಪುಟ್ಟ ಗಾಲಿಗಳಿಗೆ ಅಂಟಿ ಬೆಳೆದ ಅಸಹ್ಯ ಲೋಳೆ. ಯಾರ್ಡಿನ ನೀರು ಶುದ್ಧೀಕರಣದ ಹೊಣೆ ಹೊತ್ತ ಯಶಸ್ವಿನಿ ಯುಗಾದಿಯಿಂದ ಈಚೆಗೆ ಅದನ್ನು ಎಳೆಗೂಸಿನಂತೆ ಸಾಕಿದ್ದಳು. ಅದರ ಮೇಲಿನ ನಂಬಿಕೆಯಿಂದಲೇ ಪಕ್ಕದ ತೋಟದ ಜಯಲಕ್ಷ್ಮಮ್ಮನ ಮನೆಬಾಗಿಲಿಗೆ ಹೋಗಿ, “ಶುದ್ಧ ಮಾಡಿದ ನೀರು, ತೆಂಗಿನ ಸಸಿಗೆ ಬಿಡಿ, ಏನಾದರೂ ಆದರೆ ನನ್ನನ್ನು ಕೇಳಿ” ಎಂದು ಮಾತು ಕೊಟ್ಟು ಪೈಪು ಎಳೆಸಿದ್ದಳು.

“ಅದು ಗಲೀಜಲ್ಲ ಹೊನ್ನಯ್ಯ. ಕಣ್ಣಿಗೆ ಕಾಣದ ಜೀವಗಳು, ಕೋಟಿಗಟ್ಟಲೆ. ನೀರಿನ ವಿಷಾನ ಅವೇ ತಿಂತಿದ್ದಿದ್ದು. ಒಂದೂ ಉಳಿದಿಲ್ಲ.”

ಹೊನ್ನಯ್ಯ ತೊಟ್ಟಿಯೊಳಗೆ ಬಗ್ಗಿ ನೋಡಿದ. “ಜೀವ ಇತ್ತಾ?” ಎಂದ. “ಡ್ರೈವರ್‌ಗಳು ಗಾಡಿ ಗಾಲಿಗೆ ಕೋಳಿ ಕುಯ್ತೀವಿ ಅಂತ ಬಂದಿದ್ರು. ಈ ಜಾಗ್ದಲ್ಲಿ ಒಂದು ಜೀವಾನೂ ಓಗ್ಬಾರ್ದು ಅಂತ ಬೈದು ಬೂದುಗುಂಬಳ ಒಡೆಸ್ದೆ ಕಣವ್ವ ನಾನು…” ತೊಟ್ಟಿಯ ಪಕ್ಕ ಕುಸಿದು ಕೂತ.

ಪಾಪ ಅನ್ನಿಸಿತು. ಆದರೆ ಪಾಪ ಅನ್ನುತ್ತಾ ನಿಲ್ಲಲು ಅವಳಿಗೆ ಪುರುಸೊತ್ತಿರಲಿಲ್ಲ. “ತೊಳೆದ ಮೇಲೆ ನೀರು ತೋಟಕ್ಕೆ ಹೋಗಿದೆಯಾ?”

“ಮೊನ್ನೆಯಿಂದ ಓಯ್ತಾನೇ ಐತೆ. ಅಬ್ಬಕ್ಕೆ ಅಂತ ಗಾಡಿಗಳೆಲ್ಲ ತೊಳಿಸ್ಕೊಂಡು ಓದ್ವಲ್ಲ.”

ಪಂಪು ಆರಿಸಿ ಯಶಸ್ವಿನಿ ಓಡಿದಳು. ಬೇಲಿಯ ಮುಳ್ಳಿಗೆ ದುಪಟ್ಟಾ ಸಿಕ್ಕಿ ಹರಿದರೂ ನಿಲ್ಲಲಿಲ್ಲ. ಸಸಿಗಳು ಒಣಗಿದರೆ ಬೇರೆ ತಂದು ನೆಡಿಸಬಹುದು, ತಪ್ಪಾಯಿತು ಎಂದು ಕೈ ಮುಗಿಯಬಹುದು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಜಯಲಕ್ಷ್ಮಮ್ಮ ಮನೆಯ ಜಗಲಿಯ ಮೇಲಿದ್ದರು. ಅವಳನ್ನು ಕಂಡವರೇ ಎದ್ದು ಬಂದರು.

“ಬಾ ಮಗ, ಈಗ ನಿನ್ನೇ ನೆನೆಸ್ಕೊತಿದ್ದೆ. ಇಷ್ಟು ದಿನ ನಿನ್ನ ನೀರು ಮಾಸಲಾಗಿ ಬತ್ತಿತ್ತು. ನೀನು ಎಷ್ಟು ಏಳಿದ್ರೂ ಮನ್ಸು ಒಪ್ದೆ ಗಿಡುಕ್ಕೆ ಮಾತ್ರ ಬುಡ್ತಿದ್ದೆ. ಮೊನ್ನೆಯಿಂದ ನೋಡು, ಎಷ್ಟು ತಿಳಿಯಾಗೈತೆ! ಪ್ಯಾಟೆ ನಲ್ಲಿ ನೀರಿನ ವಾಸ್ನೆನೇ ಬತ್ತೈತೆ.”

“ಅಮ್ಮಾ, ಆ ನೀರನ್ನ…” ಯಶಸ್ವಿನಿ ಏದುಸಿರು ಬಿಡುತ್ತಾ ಜಗಲಿಯ ಕಂಬ ಹಿಡಿದಳು.

“ಉಸಿರು ತಕೊ ಮೊದ್ಲು. ಬಿಸ್ಲಲ್ಲಿ ಓಡ್ಬಂದಿದ್ದೀಯ.” ಜಯಲಕ್ಷ್ಮಮ್ಮ ಒಳಗೆ ಹೋಗಿ, ಒಂದು ಕೈಯಲ್ಲಿ ಬೆಲ್ಲದ ಚೂರು, ಇನ್ನೊಂದು ಕೈಯಲ್ಲಿ ತುಂಬಿದ ಚೊಂಬು ಹಿಡಿದು ಬಂದರು. “ಕುಡಿ. ಮೊನ್ನೆಯಿಂದ ಮನೇಲಿ ಎಲ್ಲಾರ್ಗೂ ಇದೇ.”